ಶೇಂಗಾ ಕಿತ್ತ ಹೊಲದಲ್ಲಿ ಟೆಂಟ್

ಚಿತ್ರದುರ್ಗದವರು ಟೆಂಟ್ ಹಾಕಿ ಮಲಗಬೇಕು ಅಂದರೆ ಹೋಗುವುದು ಚಿಕ್ಕಮಗಳೂರಿಗೆ, ಸಕಲೇಶಪುರಕ್ಕೆ, ಇಲ್ಲಾ ಶರಾವತಿ ಹಿನ್ನೀರಿನ ಕಡೆಗೆ. ಹಸಿರು, ಮಂಜು, ನೀರು ಇರಲೇಬೇಕು. ನಮ್ಮದೇ ಜಿಲ್ಲೆಯ ಬಯಲಲ್ಲಿ ರಾತ್ರಿ ಕಳೆಯೋಣ ಅಂದರೆ "ಅಲ್ಲೇನೈತೆ?" ಎಂದು ಕೇಳುತ್ತಾರೆ. ಈ ಜನವರಿಯಲ್ಲಿ ನಾನು ಮೊಳಕಾಲ್ಮೂರು ತಾಲ್ಲೂಕಿನ ಒಂದು ಹೊಲದಲ್ಲಿ, ಬ್ರಹ್ಮಗಿರಿ ಬೆಟ್ಟ ಕಾಣುವ ಜಾಗದಲ್ಲಿ ಮಲಗಿ ಬಂದೆ. ಅಲ್ಲಿ ಏನೇನಿದೆ ಎಂದು ಹೇಳಲೇಬೇಕು ಅನ್ನಿಸಿದೆ.

ಈ ಯೋಚನೆ ಹುಟ್ಟಿಸಿದ್ದು ಚಿಕ್ಕಪ್ಪನ ಮಗ. ಕೋಟೆ ಕೆಳಗಿನ ಬೀದಿಯಲ್ಲಿ ಆಡಿ ಬೆಳೆದವನು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಚಳಿಗಾಲ ಬಂದರೆ ಹೆಂಡತಿ, ಮಗಳನ್ನು ಕರೆದುಕೊಂಡು ಜೋಶುವಾ ಟ್ರೀ ಎಂಬ ಮರುಭೂಮಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಾನೆ. ಮೊಹಾವಿ, ಕೊಲರಾಡೊ ಎಂಬ ಎರಡು ಮರುಭೂಮಿಗಳು ಕೂಡುವ ಜಾಗ ಅದು. 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅವನು ಕಳಿಸಿದ ಫೋಟೊಗಳನ್ನು ನೋಡಿ ನಮ್ಮಮ್ಮ, "ಇದು ನಮ್ಮ ಕೋಟೆ ಹಿಂದಿನ ಗುಡ್ಡ ಅಲ್ವಾ?" ಎಂದು ಕೇಳಿದ್ದರು. ಒಂದರ ಮೇಲೊಂದು ಕೂತ ದುಂಡು ಬಂಡೆಗಳು, ಅವುಗಳ ಸಂದಿಯಲ್ಲಿ ಮರಳು, ಅಲ್ಲೊಂದು ಇಲ್ಲೊಂದು ಮುಳ್ಳು ಗಿಡ. ಅಮ್ಮನಿಗೆ ಹಾಗೆ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಅಲ್ಲಿ ಜಂಬೊ ರಾಕ್ಸ್ ಎನ್ನುವ ಕ್ಯಾಂಪ್ ಜಾಗವಿದೆಯಂತೆ. ಬಂಡೆಗಳ ಮಗ್ಗುಲಲ್ಲೇ ಟೆಂಟ್. ಒಂದು ಮೇಜು, ಬೆಂಕಿ ಹಾಕಲು ಒಂದು ಗೂಡು, ಸ್ವಲ್ಪ ದೂರದಲ್ಲಿ ಗುಂಡಿ ಶೌಚಾಲಯ. ಕುಡಿಯುವ ನೀರಿಲ್ಲ, ಬೇಕಾದಷ್ಟು ಹೊತ್ತುಕೊಂಡೇ ಹೋಗಬೇಕು. ಕಟ್ಟಿಗೆಯನ್ನೂ ಹೊರಗಿನಿಂದಲೇ ತರಬೇಕು. ಉದ್ಯಾನದೊಳಗೆ ಬಿದ್ದ ಒಣ ಕಡ್ಡಿಯನ್ನೂ ಎತ್ತುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗಲಾಟೆ ಮಾಡುವಂತಿಲ್ಲ. "ಇಷ್ಟಕ್ಕೇ ಜನ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡ್ತಾರೆ ಅಕ್ಕ. ಅಂಥ ಬಂಡೆ ನಮ್ಮಲ್ಲಿ ಏನ್ ಕಮ್ಮಿ ಇದಾವಾ?" ಎಂದ.

ಕಮ್ಮಿ ಇಲ್ಲ. ಅದಕ್ಕೇ ಅವನು ರಜೆಗೆ ಬಂದಾಗ ಹೊರಟೆವು.

ಬೆಟ್ಟದಲ್ಲಿ ಅಲ್ಲ, ನಮ್ಮ ಸೋದರಮಾವನ ಹೊಲದಲ್ಲಿ. ಶೇಂಗಾ ಕಿತ್ತು, ಹೊಟ್ಟು ಮನೆಗೆ ಸಾಗಿಸಿ ಆಗಿತ್ತು. ನೆಲ ಖಾಲಿ ಇತ್ತು. ಬೆಟ್ಟದ ಬುಡದಲ್ಲಿ ಮಲಗಲು ಮಾವ ಸುತರಾಂ ಒಪ್ಪಲಿಲ್ಲ. ಮೊಳಕಾಲ್ಮೂರಿನ ಬಂಡೆ ಗುಡ್ಡಗಳಲ್ಲಿ ಕರಡಿಗಳಿವೆ. ಹಗಲೆಲ್ಲ ಬಂಡೆ ಸಂದಿಯಲ್ಲಿ ಮಲಗಿ, ಕತ್ತಲಾದ ಮೇಲೆ ಗೆದ್ದಲು, ಹಣ್ಣು ಹುಡುಕಿಕೊಂಡು ಇಳಿಯುತ್ತವೆ. ಕರಡಿಗೆ ಮನುಷ್ಯ ಎದುರಾಗುವುದು ಬೇಡ, ನಮಗೂ ಅದು ಎದುರಾಗುವುದು ಬೇಡ. ಹಾಗಾಗಿ ಮಾವ ಕಟ್ಟುನಿಟ್ಟು ಮಾಡಿದರು. ಗುಡ್ಡದಿಂದ ದೂರ ಇರಬೇಕು. ಟೆಂಟಿನೊಳಗೆ ಬೆಲ್ಲ, ಹಣ್ಣು, ಶೇಂಗಾ ಇಡಬಾರದು, ಎಲ್ಲ ಕಾರಿನಲ್ಲಿ. ಕತ್ತಲಲ್ಲಿ ಎದ್ದರೆ ಟಾರ್ಚ್ ಬೇಕೇ ಬೇಕು, ಒಬ್ಬರೇ ಹೋಗುವಂತಿಲ್ಲ, ಮಾತಾಡುತ್ತಾ ಹೋಗಬೇಕು. ಒಣ ಹುಲ್ಲಿನ ಹತ್ತಿರ ಬೆಂಕಿ ಕೂಡದು. ತಮ್ಮ ನಕ್ಕು, "ನಮ್ಮ ಪಾರ್ಕಿನ ರೂಲ್ಸ್ ಮಾವಂಗೆ ಯಾರು ಹೇಳಿಕೊಟ್ರು?" ಎಂದ.

ಚಳ್ಳಕೆರೆ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಬಯಲು ತೆರೆದುಕೊಳ್ಳುತ್ತಾ ಹೋಗುತ್ತದೆ. ಆಮೇಲೆ ಬಂಡೆ ಗುಡ್ಡಗಳು ಶುರು. ತಮ್ಮನ ಮಗಳಿಗೆ ಒಂದೇ ಪ್ರಶ್ನೆ. ಈ ಕಲ್ಲುಗಳನ್ನು ಮೇಲೆ ಜೋಡಿಸಿದ್ದು ಯಾರು?

ನಾನು ಹೈಸ್ಕೂಲ್ ಟೀಚರ್. ಈ ಪ್ರಶ್ನೆ ಬಂದರೆ ನನಗೆ ಖುಷಿ. ಯಾರೂ ಜೋಡಿಸಿದ್ದಲ್ಲ. ನೆಲದಾಳದಲ್ಲಿ ಕಾದ ಶಿಲಾರಸ ನಿಧಾನಕ್ಕೆ ಆರಿ ಗ್ರಾನೈಟ್ ಆಯಿತು. ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿದ್ದವು. ಮಣ್ಣಿನೊಳಗೆ ಇದ್ದಾಗಲೇ ನೀರು ಆ ಬಿರುಕುಗಳಲ್ಲಿ ಇಳಿದು ಕಲ್ಲಿನ ಮೂಲೆಗಳನ್ನು ಕೊಳೆಸಿತು. ಒದ್ದೆಯಾದ ಬೆಲ್ಲದ ಅಚ್ಚಿನಲ್ಲಿ ಮೂಲೆ ಮೊದಲು ಕರಗುವ ಹಾಗೆ. ಮೇಲಿನ ಮಣ್ಣು ಕೊಚ್ಚಿಹೋದಾಗ ದುಂಡಗಿನ ಗಟ್ಟಿ ಕಲ್ಲುಗಳು ಇದ್ದಲ್ಲೇ ಉಳಿದವು. ಜೋಶುವಾ ಟ್ರೀ ಬಂಡೆಗಳೂ ಆಗಿದ್ದು ಹೀಗೆಯೇ. ವ್ಯತ್ಯಾಸ ಇರುವುದು ವಯಸ್ಸಿನಲ್ಲಿ. ಆ ಬಂಡೆಗಳ ಕಾಲವನ್ನು ಕೋಟಿ ವರ್ಷಗಳಲ್ಲಿ ಹತ್ತು, ಹದಿನೈದು ಎಂದು ಎಣಿಸಬಹುದು. ರಾಮನಗರದಿಂದ ಹಂಪಿಯ ಕಡೆಗೆ ಹೋಗುವ ನಮ್ಮ ಕ್ಲೋಸ್‌ಪೇಟ್ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಹುಡುಗಿ ಕಿಟಕಿಯಿಂದ ತಲೆ ಒಳಗೆ ತೆಗೆದುಕೊಳ್ಳಲೇ ಇಲ್ಲ.

ನೀರನ್ನು ಊರಿನ ಶುದ್ಧ ನೀರಿನ ಘಟಕದಲ್ಲಿ ಕ್ಯಾನಿಗೆ ತುಂಬಿಸಿಕೊಂಡೆವು. ಈ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಾಗೇ ಕುಡಿಯುವಂತಿಲ್ಲ. ಮರುಭೂಮಿಯಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಎಂದು ತಮ್ಮ ಹೇಳಿದ. ನಮ್ಮದು ಮರುಭೂಮಿ ಅಲ್ಲ, ಅವರ ಮಳೆಯ ಮುಂದೆ ನಮ್ಮದು ಎಷ್ಟೋ ವಾಸಿ. ಆದರೂ ಇಲ್ಲಿ ಬದುಕಿದವರೆಲ್ಲ ನೀರಿನ ಲೆಕ್ಕ ಇಟ್ಟೇ ಬದುಕಿದ್ದಾರೆ. ಮಾವ ಸಂಜೆ ಒಂದು ಬಂಡೆ ಹತ್ತಿಸಿ ದೊಣೆ ತೋರಿಸಿದರು. ಕಲ್ಲಿನ ಗುಳಿಯಲ್ಲಿ ಮಳೆ ನೀರು ನಿಲ್ಲುವ ಜಾಗ. ತಳದಲ್ಲಿ ಇನ್ನೂ ಒಂದಿಷ್ಟು ನೀರಿತ್ತು, ಅಂಚಿನಲ್ಲಿ ಹಕ್ಕಿಗಳ ಹೆಜ್ಜೆ. ಚಿತ್ರದುರ್ಗದ ಕೋಟೆ ಕಟ್ಟಿದವರು ಇದನ್ನೇ ದೊಡ್ಡದಾಗಿ ಮಾಡಿದರು. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅಲ್ಲಿಂದ ಅಕ್ಕ ತಂಗಿಯರ ಹೊಂಡಕ್ಕೆ, ಆಮೇಲೆ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ಹರಿಯುವ ಏರ್ಪಾಟು ಅದು. ಜೋಶುವಾ ಟ್ರೀಯಲ್ಲೂ ಹಿಂದೆ ದನ ಮೇಯಿಸುವವರು ಬಂಡೆಗಳ ನಡುವೆ ಅಡ್ಡಗೋಡೆ ಕಟ್ಟಿ ಮಳೆ ನೀರು ಹಿಡಿದಿದ್ದರಂತೆ. ಬಾರ್ಕರ್ ಡ್ಯಾಮ್ ಎಂದು ಅದರ ಹೆಸರು. ಅಲ್ಲಿ ಅದನ್ನು ನೋಡಲು ಜನ ನಡೆದು ಹೋಗುತ್ತಾರೆ. ನಮ್ಮ ದೊಣೆಗಳಿಗೆ ಒಂದು ಬೋರ್ಡೂ ಇಲ್ಲ.

ಪಕ್ಕದ ಹೊಲದಲ್ಲಿ ಕುರಿ ಮಂದೆ ಕೂತಿತ್ತು. ಇದು ನಾವು ಎಣಿಸದೇ ಸಿಕ್ಕ ಭಾಗ್ಯ. ಸುಗ್ಗಿ ಮುಗಿದ ಮೇಲೆ ಕುರಿಗಾಹಿಗಳು ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ರಾತ್ರಿ ಮಂದೆ ಕೂಡಿಸಿದರೆ ಹೊಲಕ್ಕೆ ಗೊಬ್ಬರ, ಹೊಲದವರು ದವಸವನ್ನೋ ದುಡ್ಡನ್ನೋ ಕೊಡುತ್ತಾರೆ. ಬಲೆ ಕಟ್ಟಿ ಕುರಿಗಳನ್ನು ಒಳಗೆ ಕೂಡಿದ್ದರು. ನಾಯಿಗಳು ಸುತ್ತ ಮಲಗಿದ್ದವು. ತೋಳದ ಭಯ ಇನ್ನೂ ಹೋಗಿಲ್ಲ. ತಮ್ಮ ಟೆಂಟಿನ ಕಡ್ಡಿಗಳನ್ನು ಬಿಚ್ಚುತ್ತಿದ್ದಾಗ ಹಿರಿಯ ಕುರಿಗಾಹಿ ಬಂದು ನಿಂತು ನೋಡಿದರು. ಮಲಗುವ ಚೀಲವನ್ನು ಮುಟ್ಟಿ, "ಮಂಜು ಬಿದ್ರೆ ಇದು ತಡಿತೈತಾ?" ಎಂದು ಕೇಳಿದರು. ಅವರ ಹೆಗಲ ಮೇಲಿದ್ದದ್ದು ಚಳ್ಳಕೆರೆಯ ಕರಿ ಕಂಬಳಿ. ಒರಟು ಉಣ್ಣೆಯನ್ನು ಕೈಯಲ್ಲಿ ನೂತು, ಹುಣಸೆ ಬೀಜದ ಗಂಜಿ ಹಾಕಿ ನೇಯುವಂಥದ್ದು. ಗಂಜಿ ಹಾಕಿದ ಹೊಸ ಕಂಬಳಿ ಸುಮ್ನೆ ನೆಲಕ್ಕಿಟ್ಟರೆ ನಿಂತುಕೊಳ್ಳುವಷ್ಟು ಗಟ್ಟಿ. ಹಾಸಲು, ಹೊದೆಯಲು, ತುಂತುರು ಮಳೆಗೆ ಗೊಪ್ಪೆ ಹಾಕಲು ಅದೊಂದೇ ಸಾಕು. ಅವರು ವರ್ಷದ ಎಷ್ಟೋ ತಿಂಗಳು ಹೀಗೆ ಬಯಲಲ್ಲೇ ಮಲಗುತ್ತಾರೆ. ಕ್ಯಾಂಪಿಂಗ್ ಬಗ್ಗೆ ತಿಳಿಯಬೇಕಾದರೆ ನಾವು ಕೇಳಬೇಕಾದದ್ದು ಇಂಥವರನ್ನು ಎಂದು ನನಗೆ ಬಲವಾಗಿ ಅನ್ನಿಸಿತು. ಊಟಕ್ಕೆ ಅವರನ್ನೂ ಕರೆದೆವು. ಮನೆಯಿಂದ ತಂದ ಜೋಳದ ರೊಟ್ಟಿ, ಉಚ್ಚೆಳ್ಳು ಚಟ್ನಿ, ಬೆಂಕಿಯಲ್ಲಿ ಸುಟ್ಟ ಬದನೆಕಾಯಿ. ಕೊನೆಗೆ ಕೆಂಡದ ಮೇಲೆ ಹುರಿದ ಶೇಂಗಾ.

ಬೆಂಕಿ ಆರಿಸಿದ ಮೇಲೆ ಆಕಾಶ ಕಂಡಿತು. ಬಳ್ಳಾರಿ ದಿಕ್ಕಿನಲ್ಲಿ ಅಂಚು ಸ್ವಲ್ಪ ಬೆಳ್ಳಗಿತ್ತು, ಉಳಿದದ್ದೆಲ್ಲ ಕಪ್ಪು. ಜೋಶುವಾ ಟ್ರೀಗೆ 2017ರಲ್ಲಿ ಕತ್ತಲ ಆಕಾಶದ ತಾಣ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಆ ತಾಣದಲ್ಲಿ ರಾತ್ರಿ ಕಳೆದವನೇ "ಇದೇನು ಅದಕ್ಕೆ ಕಡಿಮೆ ಇಲ್ಲ" ಎಂದ. ನೆತ್ತಿಯ ಹತ್ತಿರ ಕೃತ್ತಿಕೆಯ ಗೊಂಚಲು. ಅದರ ಕೆಳಗೆ ಕೆಂಪಗೆ ರೋಹಿಣಿ. ಆಮೇಲೆ ಮೃಗಶಿರ, ಪಕ್ಕದಲ್ಲಿ ಆರಿದ್ರಾ. ಮಾವ ಈ ಹೆಸರುಗಳನ್ನು ಜೀವಮಾನವಿಡೀ ಹೇಳಿದ್ದಾರೆ, ಆದರೆ ಮಳೆಗಳ ಹೆಸರಾಗಿ. ರೋಹಿಣಿ ಮಳೆ ಬಂತಾ, ಮೃಗಶಿರಾ ಹೋಯ್ತಾ, ಆರಿದ್ರಾ ಕೈ ಕೊಡ್ತಾ ಎಂದು. ಸೂರ್ಯ ಆ ನಕ್ಷತ್ರದ ಜೊತೆಗಿದ್ದಾಗ ಬರುವ ಮಳೆಗೆ ಆ ಹೆಸರು. ಅಂದರೆ ಮೇ ಕೊನೆಯಲ್ಲಿ ಮಾವ ರೋಹಿಣಿ ಮಳೆ ಕಾಯುವಾಗ ರೋಹಿಣಿ ಚುಕ್ಕಿ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ, ಕಾಣುವುದೇ ಇಲ್ಲ. ನೋಡಬೇಕಾದರೆ ಈ ಚಳಿಯಲ್ಲೇ ನೋಡಬೇಕು. ನಾನು ಬೆರಳು ಮಾಡಿ ತೋರಿಸಿದಾಗ ಮಾವ ಬಹಳ ಹೊತ್ತು ನೋಡಿದರು. "ಆರಿದ್ರಾ ಇಷ್ಟು ಕೆಂಪಗೈತಾ" ಎಂದರು. ಆ ಮಾತು ಕೇಳಲಿಕ್ಕಾದರೂ ಬಂದದ್ದು ಸಾರ್ಥಕ ಅನ್ನಿಸಿತು ನನಗೆ.

ರಾತ್ರಿ ಚೆನ್ನಾಗಿ ಚಳಿ ಇತ್ತು. ಬಯಲಿನ ಒಣ ಗಾಳಿ ಹಗಲಿನ ಬಿಸಿಯನ್ನು ಹಿಡಿದಿಡುವುದಿಲ್ಲ. ನತ್ತಿಂಗ ಹಕ್ಕಿ ಟುಕ್ ಟುಕ್ ಎಂದು ಒಂದೇ ಸಮ ಕೂಗುತ್ತಿತ್ತು. ಮಧ್ಯರಾತ್ರಿ ಕಲ್ಲುಗೊರವ ಹಕ್ಕಿಯ ದೊಡ್ಡ ದನಿ. ದೂರದಲ್ಲಿ ನರಿಗಳು ಊಳಿಟ್ಟಾಗ ಮಂದೆಯ ನಾಯಿಗಳು ಎದ್ದು ಒಂದು ಸುತ್ತು ಹಾಕಿದವು. ಕರಡಿ ಬರಲಿಲ್ಲ.

ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಹೆಣ್ಣುಮಕ್ಕಳು ಬಯಲಲ್ಲಿ ರಾತ್ರಿ ಉಳಿಯಲು ಹಿಂಜರಿಯುವುದು ಕರಡಿಗೂ ಅಲ್ಲ, ಚಳಿಗೂ ಅಲ್ಲ. ಶೌಚಾಲಯ ಇಲ್ಲ ಅನ್ನುವುದಕ್ಕೆ. ನಾವು ಹೊಲದ ಮೂಲೆಯಲ್ಲಿ ಗುಂಡಿ ತೆಗೆಸಿ, ನಾಲ್ಕು ಗೂಟ ನೆಟ್ಟು, ಹಳೆ ಸೀರೆ ಸುತ್ತಿದ್ದೆವು. ನಾನು, ತಮ್ಮನ ಹೆಂಡತಿ, ಹುಡುಗಿ ಮೂವರೂ ನೆಮ್ಮದಿಯಾಗಿ ಇದ್ದೆವು. ಅಷ್ಟು ಮಾಡಲು ಅರ್ಧ ದಿನದ ಕೆಲಸ. ಅದಿಲ್ಲದೆ ಹೋಗಿದ್ದರೆ ನಾನು ರಾತ್ರಿಯಿಡೀ ನೀರು ಕುಡಿಯದೆ ಕೂತಿರುತ್ತಿದ್ದೆ.

ಬೆಳಿಗ್ಗೆ ಚಹಾ ಕುಡಿದು ಬ್ರಹ್ಮಗಿರಿ ಬುಡಕ್ಕೆ ನಡೆದೆವು. ಇಲ್ಲಿ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಶಾಸನ ತಜ್ಞ ಬಿ. ಎಲ್. ರೈಸ್ ಅವರು 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆಯ ಶಾಸನಗಳನ್ನು ಬೆಳಕಿಗೆ ತಂದರು. ದಕ್ಷಿಣದಲ್ಲಿ ಮೌರ್ಯರ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯಿಂದ ಈ ಕಡೆಯ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ತಾಯಿ ತಂದೆಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ನಿಜ ಹೇಳಿ ಎನ್ನುತ್ತದೆ. ಬರೆದವನು ಚಪಡ. ಬ್ರಾಹ್ಮಿಯಲ್ಲಿ ಎಲ್ಲ ಬರೆದು, ತಾನು ಲಿಪಿಕಾರ ಎನ್ನುವುದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅಷ್ಟು ದೂರದ ಲಿಪಿ ಬಲ್ಲವನೊಬ್ಬ ಈ ಬಂಡೆಯ ಮುಂದೆ ಕೂತು ಕೆತ್ತಿದ್ದ.

ಮಕ್ಕಳಿಗೆ ನಾನು ಯಾವಾಗಲೂ ಹೇಳುವುದು ಅದರಲ್ಲಿರುವ ಒಂದು ಸಂಖ್ಯೆಯ ಬಗ್ಗೆ. 256. ರಾಜ ಪ್ರವಾಸದಲ್ಲಿ, ಮನೆಯಿಂದ ಹೊರಗೆ ಕಳೆದ ರಾತ್ರಿಗಳ ಎಣಿಕೆ ಎಂದು ಅನೇಕ ವಿದ್ವಾಂಸರು ಅದನ್ನು ಓದುತ್ತಾರೆ. ತಮ್ಮನ ಮಗಳು ಕೂಡಲೇ, "ಅವರೂ ಟೆಂಟಲ್ಲಿ ಮಲಗ್ತಿದ್ರಾ?" ಎಂದಳು. ಡೇರೆಯೇ ಇರಬೇಕು ಎಂದೆ. ಅಶೋಕನಿಗಿಂತ ಹಿಂದೆಯೂ ಇಲ್ಲಿ ಜನ ಇದ್ದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆದಾಗ ಕಲ್ಲಿನ ಕೊಡಲಿ ಬಳಸಿದವರ ನೆಲೆ ಸಿಕ್ಕಿತು. ಅದರ ಮೇಲಿನ ಪದರದಲ್ಲಿ ಕಬ್ಬಿಣ ಬಲ್ಲ ಬೃಹತ್ ಶಿಲಾಯುಗದವರು. ಅವರ ಗೋರಿಗಳು ಗ್ರಾನೈಟ್ ಚಪ್ಪಡಿಯವು, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಈ ಒಣ ನೆಲವನ್ನು ಆರಿಸಿಕೊಂಡು, ಬಂಡೆಯ ನೆರಳು, ದೊಣೆಯ ನೀರು ನಂಬಿ ಜನ ಸಾವಿರಾರು ವರ್ಷ ಇಲ್ಲಿ ಬಾಳಿದ್ದಾರೆ. ಅವರಿದ್ದ ಜಾಗದಲ್ಲಿ ನಾವು ಒಂದು ರಾತ್ರಿ ಇರಲು ಏನೈತೆ ಅಂತ ಕೇಳುವುದು ನನಗೆ ನೋವಿನ ಸಂಗತಿ.

ನಮ್ಮ ಜಿಲ್ಲೆಯಲ್ಲೂ ಇಂಥದ್ದೊಂದು ಜಾಗ ಆಗಬೇಕು. ರೆಸಾರ್ಟ್ ಬೇಡ, ಡಿಜೆ ಬೇಡ, ಬಣ್ಣದ ದೀಪ ಬೇಡ. ಬೆಟ್ಟದಿಂದ ದೂರ, ರೈತರ ಹೊಲದಲ್ಲೇ, ಸುಗ್ಗಿ ಮುಗಿದ ಮೇಲಿನ ತಿಂಗಳುಗಳಲ್ಲಿ. ಶುಚಿಯಾದ ಶೌಚಾಲಯ, ಕಲ್ಲು ಸುತ್ತಿದ ಬೆಂಕಿ ಜಾಗ, ಊರಿನವರು ಮಾಡಿಕೊಡುವ ರೊಟ್ಟಿ. ಬಂದ ದುಡ್ಡು ಹೊಲದವರಿಗೆ. ತಂದ ಕಸ ತಂದವರೇ ಒಯ್ಯಬೇಕು. ಶಾಸನದ ಬಂಡೆಯನ್ನು ಮುಟ್ಟಬಾರದು, ಬೇರೆ ಬಂಡೆಗಳ ಮೇಲೂ ಹೆಸರು ಗೀಚಬಾರದು. ಮಾವನ ಹತ್ತಿರ ಮಾತಾಡಿದ್ದೇನೆ. ಮೂಲೆಯಲ್ಲಿ ಎರಡು ಗಟ್ಟಿ ಶೌಚಾಲಯ ಕಟ್ಟಿಸಲು ಒಪ್ಪಿದ್ದಾರೆ. ಬರುವ ವರ್ಷ ನಮ್ಮ ಒಂಬತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಹುಡುಗಿಯರ ಮನೆಗಳಿಗೆ ನಾನೇ ಹೋಗಿ ಕೇಳುತ್ತೇನೆ. ಮುಂಗಾರು ಹೊತ್ತಿಗೆ ಸರಿಯಾಗಿ ಬಂದು ಶೇಂಗಾ ಬೇಗ ಕಿತ್ತರೆ ನವೆಂಬರ್ ಕೊನೆಗೇ ಹೊಲ ಖಾಲಿ ಇರುತ್ತದೆ ಎಂದು ಮಾವ ಹೇಳಿದ್ದಾರೆ.