ವೊಲ್ಸಿಂಗಮ್ ಸ್ಟೇಷನ್ನಿನಲ್ಲಿ ಒಂದು ಮಧ್ಯಾಹ್ನ

ಇವತ್ತು ಇಂಗ್ಲೆಂಡಿನ ಡರಮ್ ಕಡೆ ವಿಯರ್‌ಡೇಲ್ ರೈಲ್ವೆ ನೋಡೋಕೆ ಬಂದಿದ್ದೇನೆ. ವೊಲ್ಸಿಂಗಮ್ ಸ್ಟೇಷನ್ನಿನಲ್ಲಿ ರೈಲಿಲ್ಲ. ಸುಮ್ನೆ ಬೆಂಚಿನ ಮೇಲೆ ಕೂತು ಹಳಿ ನೋಡ್ತಾ ಇದ್ದೆ. ಹಳಿಯ ಮೇಲೆ ತೆಳುವಾಗಿ ತುಕ್ಕು. ಬೆರಳಿಗೆ ಅರಿಶಿನದ ಹಾಗೆ ಅಂಟುವಂಥದ್ದು. ದಿನಾ ಗಾಡಿ ಓಡಿದರೆ ಆ ಜಾಗ ಕನ್ನಡಿ ಥರ ಹೊಳೆಯುತ್ತೆ ಅಲ್ವಾ?

ಈ ದಾರಿ ಹುಟ್ಟಿದ್ದೇ ಸರಕಿಗಾಗಿ. 1847ರಲ್ಲಿ ಫ್ರಾಸ್ಟರ್ಲಿಯ ಸುಣ್ಣಕಲ್ಲು ಸಾಗಿಸೋಕೆ ಹಾಕಿದ್ದು. 1953ರಲ್ಲಿ ಪ್ಯಾಸೆಂಜರ್ ರೈಲು ನಿಂತಿತು. ಆಮೇಲೂ ಸರಕು ಓಡ್ತಾ ಇತ್ತು; 1960ರ ದಶಕದಿಂದ ಈಸ್ಟ್‌ಗೇಟ್‌ನ ಸಿಮೆಂಟ್ ಈ ಹಳಿಯನ್ನು ಬದುಕಿಸಿತು. 1993ರಲ್ಲಿ ಅದೂ ನಿಂತಿತು. ಊರಿನ ಜನ, ರೈಲು ಪ್ರೀತಿಸುವವರು ಸೇರಿ 2004ರಲ್ಲಿ ಇದನ್ನು ಪಾರಂಪರಿಕ ರೈಲಾಗಿ ಮತ್ತೆ ಶುರು ಮಾಡಿದರು.

ನನಗೆ ತುಂಬಾ ಇಷ್ಟವಾದ ಅಧ್ಯಾಯ 2011ರದ್ದು. ಇದೇ ವೊಲ್ಸಿಂಗಮ್‌ನಲ್ಲಿ ಕಲ್ಲಿದ್ದಲು ತುಂಬಿಕೊಂಡ ಗೂಡ್ಸ್ ರೈಲುಗಳು ಸ್ಕಂತಾರ್ಪ್ ಉಕ್ಕಿನ ಕಾರ್ಖಾನೆ ಕಡೆಗೆ ಹೊರಟವು. ಎರಡು ವರ್ಷದ ಮಾತು ಅಷ್ಟೇ. ಗೂಡ್ಸ್ ಬಂದರೆ ಪ್ರವಾಸಿಗರ ರೈಲಿನ ಸೊಗಸು ಕೆಡುತ್ತೆ ಅನ್ನೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಹಳಿ ಕೆಳಗಿನ ಸ್ಲೀಪರ್ ದಿಮ್ಮಿ ಬದಲಿಸೋಕೆ, ಸೇತುವೆ ರಿಪೇರಿಗೆ ದುಡ್ಡು ಟಿಕೆಟ್‌ನಿಂದಲೇ ಪೂರ್ತಿ ಹುಟ್ಟೋದು ಕಷ್ಟ. ಕಲ್ಲಿದ್ದಲಿನ ಧೂಳು ಈ ಹಳಿಗೆ ಹೊಸದೂ ಅಲ್ಲ.

ಪಕ್ಕದಲ್ಲೇ ವಿಯರ್ ನದಿ ಹರೀತಾ ಇದೆ. ಮಳೆ ಶುರುವಾಯ್ತು. ಬೆರಳಿನ ತುಕ್ಕು ಇನ್ನೂ ಹೋಗಿಲ್ಲ.