ಊದಿದ್ದು ಸರಿಯಿದ್ದರಷ್ಟೇ ಪಿಎಫ್‌ಟಿ ಸರಿ

ಶ್ವಾಸಕೋಶದ ಕೆಲಸ ಅಳೆಯುವ ಪರೀಕ್ಷೆ ಪಿಎಫ್‌ಟಿ. ಅದರ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಮೆಷಿನ್ ತಾನೇ ಅಚ್ಚು ಹಾಕಿದ ಒಂದು ಸಾಲಿಗೆ: 'ಮೈಲ್ಡ್ ರಿಸ್ಟ್ರಿಕ್ಷನ್', ಅಂದರೆ ಶ್ವಾಸಕೋಶ ತುಸು ಕುಗ್ಗಿದೆ ಎಂದು. ಆ ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿ, ಮೊದಲು ಗ್ರಾಫ್ ನೋಡಿ. ರಕ್ತಪರೀಕ್ಷೆಗೆ ಕೈ ಚಾಚಿ ಕೂತರಾಯಿತು. ಇಲ್ಲಿ ಊದಿದಷ್ಟೇ ಉತ್ತರ. ಅರ್ಧಕ್ಕೆ ಊದುವುದನ್ನು ನಿಲ್ಲಿಸಿದವರ ಶ್ವಾಸಕೋಶ ಮೆಷಿನ್ನಿಗೆ ಚಿಕ್ಕದಾಗಿಯೇ ಕಾಣುತ್ತದೆ.

ಪಿಎಫ್‌ಟಿ ಎಂದು ಚೀಟಿಯಲ್ಲಿ ಬರೆದರೂ ಹೆಚ್ಚಿನ ಕಡೆ ಮಾಡುವುದು ಕೊಳವೆಗೆ ಊದಿಸಿ ಗಾಳಿ ಅಳೆಯುವ ಸ್ಪೈರೋಮೆಟ್ರಿ. ಅದರಲ್ಲಿ ಮುಖ್ಯವಾದ ಲೆಕ್ಕ ಎರಡು. ಉಸಿರು ಪೂರ್ತಿ ತುಂಬಿಕೊಂಡು ಜೋರಾಗಿ ಖಾಲಿ ಮಾಡಿದಾಗ ಹೊರಬಂದ ಒಟ್ಟು ಗಾಳಿ ಎಫ್‌ವಿಸಿ, ಮೊದಲ ಒಂದು ಸೆಕೆಂಡಿನಲ್ಲೇ ಬಂದದ್ದು ಎಫ್‌ಇವಿ1. ಒಬ್ಬರ ಎಫ್‌ವಿಸಿ 3 ಲೀಟರ್, ಎಫ್‌ಇವಿ1 1.8 ಲೀಟರ್ ಎಂದುಕೊಳ್ಳಿ. ಎಫ್‌ಇವಿ1 ಅನ್ನು ಎಫ್‌ವಿಸಿಯಿಂದ ಭಾಗಿಸಿದರೆ ಅನುಪಾತ 0.60. ಶ್ವಾಸನಾಳ ತೆರೆಸುವ ಔಷಧಿಯ ಪಫ್ ಕೊಟ್ಟ ನಂತರವೂ ಅದು 0.70ಕ್ಕಿಂತ ಕೆಳಗೇ ಇದ್ದು, ರೋಗಲಕ್ಷಣವೂ ಹೊಂದಿದರೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ರೋಗ ಎನ್ನುತ್ತಾರೆ. ಇದೇ ವ್ಯಕ್ತಿ ಮೂರನೇ ಸೆಕೆಂಡಿಗೇ ಸಾಕೆಂದು ನಿಲ್ಲಿಸಿ 2.4 ಲೀಟರ್ ಮಾತ್ರ ಊದಿದರೋ? ಅನುಪಾತ 0.75 ಆಯಿತು. ಗಾಳಿಯ ದಾರಿಗೆ ನಿಜವಾಗಿ ಇದ್ದ ತಡೆ ಮಾಯ, ಇಲ್ಲದ 'ರಿಸ್ಟ್ರಿಕ್ಷನ್' ಹಾಜರು. ಶ್ವಾಸಕೋಶ ನಿಜಕ್ಕೂ ಕುಗ್ಗಿದೆ ಎನ್ನಲು ಒಟ್ಟು ಗಾತ್ರವನ್ನೇ ಅಳೆಯಬೇಕು. ಅದಕ್ಕೆ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಮಾಡುವ ಬಾಡಿ ಪ್ಲೆಥಿಸ್ಮೋಗ್ರಫಿಯಂಥ ಪರೀಕ್ಷೆ ಬೇರೆಯೇ ಇದೆ.

ಸರಿಯಾದ ಊದು ಎಂದರೆ ಹೀಗೆ: ನೆಟ್ಟಗೆ ಕೂತು, ಎರಡೂ ಪಾದ ನೆಲಕ್ಕೂರಿ, ಮೂಗಿಗೆ ಕ್ಲಿಪ್ ಹಾಕಿಸಿಕೊಳ್ಳಿ. ಇನ್ನು ಒಂದು ಗುಟುಕೂ ಹಿಡಿಸದು ಎನ್ನುವಷ್ಟು ಗಾಳಿ ಎಳೆದು, ತಡಮಾಡದೆ ಒಮ್ಮೆಲೇ ಸಿಡಿಯುವಂತೆ ಊದಿ, ಆಮೇಲೆ ಬಿಡದೆ ಊದುತ್ತಲೇ ಇರಿ. ಕೊನೆಯ ಒಂದು ಸೆಕೆಂಡಿನಲ್ಲಿ 25 ಮಿಲಿಲೀಟರಿಗಿಂತ ಕಡಿಮೆ ಗಾಳಿ ಬರುವವರೆಗೆ, ಇಲ್ಲವೇ 15 ಸೆಕೆಂಡ್ ತುಂಬುವವರೆಗೆ. ಟೆಕ್ನಿಷಿಯನ್ 'ಊದಿ, ಊದಿ, ಇನ್ನೂ ಊದಿ' ಎಂದು ಕೂಗುವುದು ಇದಕ್ಕೇ. ಕೂಗದ ಟೆಕ್ನಿಷಿಯನ್ ಬಗ್ಗೆ ನನಗೆ ಯಾವಾಗಲೂ ಅನುಮಾನ.

ಒಳ್ಳೆಯ ಊದು ಕನಿಷ್ಠ ಮೂರು ಬೇಕು. ಎಫ್‌ವಿಸಿಯಾಗಲಿ ಎಫ್‌ಇವಿ1 ಆಗಲಿ, ಅವುಗಳಲ್ಲಿ ಅತಿ ಹೆಚ್ಚಿನ ಎರಡು ಅಂಕಿಗಳ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರ ಇರಬಾರದು. ಎಂಟು ಸಲ ಊದಿದರೂ ಹೊಂದದಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ಬಿಡುತ್ತಾರೆ. ಗಾಳಿಯ ವೇಗ ತೋರಿಸುವ ಗ್ರಾಫಿನಲ್ಲಿ ಶಿಖರ ಚೂಪಾಗಿರಬೇಕು. ಬೋಳು ಗುಡ್ಡದ ಹಾಗಿದ್ದರೆ ಹೆಚ್ಚಾಗಿ ಮೊದಲ ಹೊಡೆತಕ್ಕೆ ಜೋರಿರಲಿಲ್ಲವೆಂದೇ. ಮಧ್ಯೆ ಗರಗಸದ ಹಲ್ಲು ಕಂಡರೆ ಕೆಮ್ಮು. ಗೆರೆ ಕೊನೆಯಲ್ಲಿ ಥಟ್ಟನೆ ಕೆಳಗೆ ಬಿದ್ದರೆ ಅರ್ಧಕ್ಕೇ ನಿಲ್ಲಿಸಿದ್ದಾರೆ. ತುಟಿಯಂಚಿನಿಂದ ಗಾಳಿ ಸೋರುವುದು, ನಾಲಿಗೆ ಕೊಳವೆಗೆ ಅಡ್ಡ ಬರುವುದು ಕೂಡ ಮಾಮೂಲು. ಸಡಿಲವಿಲ್ಲದ ಹಲ್ಲಿನ ಸೆಟ್ ತೆಗೆಯಬೇಡಿ. ತೆಗೆದರೆ ತುಟಿ ಕೂರುವುದಿಲ್ಲ. ತಪ್ಪುಗಳ ಮಾತು ಇಷ್ಟು. ಇನ್ನು ಊದಿದ್ದೆಲ್ಲ ಸರಿಯಿದ್ದೂ ಗೆರೆ ಶಿಖರದಿಂದ ಇಳಿಯುವಾಗ ಸಡಿಲ ಹಗ್ಗದ ಹಾಗೆ ಜೋತುಬಿದ್ದಿದ್ದರೆ ಅದು ಶ್ವಾಸನಾಳ ಕಿರಿದಾದ ಗುರುತು.

ಎತ್ತರವನ್ನು ಕೇಳಿ ಬರೆದುಕೊಳ್ಳುವುದು ಸಣ್ಣ ತಪ್ಪಲ್ಲ. 'ಇಷ್ಟಿರಬೇಕು' ಎಂಬ ನಿರೀಕ್ಷಿತ ಅಂಕಿ ಬರುವುದೇ ವಯಸ್ಸು, ಎತ್ತರ, ಲಿಂಗದಿಂದ. ಚಪ್ಪಲಿ ಬಿಚ್ಚಿಸಿ ಅಳೆಯಬೇಕು. ಬೆನ್ನು ಗೂನಾದ ಅಜ್ಜಿಗೆ ಎರಡೂ ಕೈ ಚಾಚಿಸಿ ಮಾರಿನ ಅಳತೆ ತೆಗೆಯಬೇಕು.

ಮೊದಲ ಸುತ್ತು ಮುಗಿದ ಮೇಲೆ ಇನ್ಹೇಲರಿಗೆ ಜೋಡಿಸುವ ಸ್ಪೇಸರ್‌ನಲ್ಲಿ ಶ್ವಾಸನಾಳ ತೆರೆಸುವ ಸಾಲ್ಬುಟಮಾಲ್ 4 ಪಫ್, ಅಂದರೆ 400 ಮೈಕ್ರೋಗ್ರಾಂ ಕೊಟ್ಟು, 10ರಿಂದ 15 ನಿಮಿಷ ಕೂರಿಸಿ ಮತ್ತೆ ಊದಿಸುತ್ತಾರೆ. ಎಫ್‌ಇವಿ1 12 ಶೇಕಡಾ ಮತ್ತು 200 ಮಿಲಿಲೀಟರ್ ಎರಡೂ ಮೀರಿ ಏರಿದರೆ ಶ್ವಾಸನಾಳ ಔಷಧಿಗೆ ತೆರೆದುಕೊಂಡಿತು ಎಂಬುದು ಬಹುಕಾಲ ಬಳಸಿದ ಅಳತೆ. ಇದಕ್ಕೆಂದೇ ಪರೀಕ್ಷೆಗೆ ಮುಂಚೆ ಸಾಲ್ಬುಟಮಾಲ್ 4ರಿಂದ 6 ಗಂಟೆ, ಹೆಚ್ಚು ಹೊತ್ತು ಕೆಲಸ ಮಾಡುವ ಇನ್ಹೇಲರ್ ಔಷಧಿಗಳಾದ ಫಾರ್ಮೋಟೆರಾಲ್ 24 ಗಂಟೆ, ಟಯೋಟ್ರೋಪಿಯಂ 36ರಿಂದ 48 ಗಂಟೆ ನಿಲ್ಲಿಸಲು ಹೇಳುವುದು. ವೈದ್ಯರು ಹೇಳಿದರೆ ಮಾತ್ರ ನಿಲ್ಲಿಸಿ. ನಡುವೆ ಉಬ್ಬಸ ಬಂದರೆ ಪಫ್ ತೆಗೆದುಕೊಂಡೇಬಿಡಿ, ಲ್ಯಾಬಿನಲ್ಲಿ ತಿಳಿಸಿದರಾಯಿತು. ಇನ್ನೊಂದು: ಉಬ್ಬಸ ಇಲ್ಲದ ದಿನ ಊದಿ ನಾರ್ಮಲ್ ಬಂದರೆ ಅಸ್ತಮಾ ಇಲ್ಲವೆಂದಲ್ಲ.

ವಾರಗಟ್ಟಲೆ ಬಿಡದ ಕೆಮ್ಮು, ಮೆಟ್ಟಿಲೇರಿದರೆ ಏದುಸಿರು, ಎದೆಯಲ್ಲಿ ಸುಯ್ ಎನ್ನುವ ಸದ್ದು, ಇವಿದ್ದರೆ ಊದಿಸಬೇಕು. ಬೀಡಿ ಸಿಗರೇಟು ಸೇದುವವರಿಗಷ್ಟೇ ಅಲ್ಲ. ಹತ್ತಾರು ವರ್ಷ ಸೌದೆ ಒಲೆ ಮುಂದೆ ಕೂತ ಹೆಂಗಸರು, ಕಲ್ಲು ಕ್ರಷರ್ ಮತ್ತು ಹತ್ತಿ ಗಿರಣಿಯ ಕೆಲಸಗಾರರು ಇದೇ ಸಾಲಿನವರು. ಏನೂ ತೊಂದರೆಯಿಲ್ಲದವರಿಗೆ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸೇರಿಸುವುದು ದುಡ್ಡಿನ ದಂಡ ಎನ್ನುವುದು ನನ್ನ ಅಭಿಪ್ರಾಯ. ಶ್ವಾಸಕೋಶ ಗಟ್ಟಿಯಾಗುವ ರೋಗಗಳಿಗೆ, ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆಂದು ಅಳೆಯುವ ಡಿಎಲ್‌ಸಿಒ ಕೂಡ ಬೇಕು: ಅತ್ಯಲ್ಪ ಕಾರ್ಬನ್ ಮಾನಾಕ್ಸೈಡ್ ಬೆರೆತ ಗಾಳಿ ಎಳೆದು 10 ಸೆಕೆಂಡ್ ಉಸಿರು ಹಿಡಿಯುವುದು. ರಕ್ತಹೀನತೆಯಿದ್ದರೆ ಇದರ ಅಂಕಿ ಸುಳ್ಳೇ ಇಳಿಯುತ್ತದೆ, ಆದ್ದರಿಂದ ಆ ವೇಳೆಯ ಹಿಮೋಗ್ಲೋಬಿನ್ ರಿಪೋರ್ಟ್ ಜೊತೆಗಿರಲಿ.

ಕಫ, ಜ್ವರ, ತೂಕ ಇಳಿತ ಇದ್ದವರಿಗೆ ಮೊದಲು ಕಫ ಪರೀಕ್ಷೆ. ಟಿಬಿ ಇದ್ದು ಊದಿದರೆ ಪಕ್ಕದವರಿಗೂ ಅಪಾಯ. ಹೃದಯಾಘಾತ ಅಥವಾ ಕಣ್ಣಿನ ಆಪರೇಷನ್ ಆಗಿ ಒಂದು ವಾರ, ಎದೆ ಹೊಟ್ಟೆಯ ಆಪರೇಷನ್ ಆಗಿ ನಾಲ್ಕು ವಾರ ಕಳೆದಿಲ್ಲದಿದ್ದರೆ ಚೀಟಿ ಕೊಡುವಾಗಲೇ ಹೇಳಿಬಿಡಿ. ಮನೆಗೆ ಬರುವಾಗ ಅಂಕಿಗಳ ಹಾಳೆಯ ಜೊತೆ ಗ್ರಾಫಿನ ಹಾಳೆಯನ್ನೂ ಕೇಳಿ ತನ್ನಿ. ಮುಂದಿನ ವರ್ಷದ ಊದನ್ನು ಹೋಲಿಸಲು ಅದೇ ಬೇಕಾಗುವುದು.