ಗಣಪತಿ ಆರ್ಕೆಸ್ಟ್ರಾ, ಇಪ್ಪತ್ತು ರೂಪಾಯಿ, ಸ್ವರ್ಣಲತಾ

2010ರಲ್ಲಿ ಗಣೇಶನ ಹಬ್ಬ ಶನಿವಾರ ಬಿದ್ದಿತ್ತು, ಸೆಪ್ಟೆಂಬರ್ 11. ಶನಿವಾರ ಹಬ್ಬ ಬಂದ್ರೆ ಬೆಂಗಳೂರಲ್ಲಿ ಕೆಲಸ ಮಾಡೋರಿಗೆ ಒಂದು ರಜೆ ಲಾಸು, ಅದನ್ನ ಬೈಕೊಂಡೇ ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಎರಡು ಗಂಟೆ ನಿಂತು, ಕೊನೆಗೆ ಸಿಕ್ಕಿದ ಬಸ್ಸಲ್ಲಿ ಡ್ರೈವರ್ ಹಿಂದಿನ ಬಾನೆಟ್ ಮೇಲೆ ಕೂತ್ಕೊಂಡು ಭದ್ರಾವತಿ ಸೇರ್ಕೊಂಡಿದ್ದೆ. ಅಪ್ಪ ರಿಟೈರ್ ಆಗಿದ್ರೂ ಮನೆ ಫ್ಯಾಕ್ಟರಿ ಹತ್ರಾನೇ. ನಮ್ಮ ಬೀದಿ ಗಣಪತಿ ಮೂರು ದಿನದ್ದು, ಎರಡನೇ ದಿನ ಅಂದ್ರೆ ಭಾನುವಾರ ಸಂಜೆ ಆರ್ಕೆಸ್ಟ್ರಾ. ಚಿಕ್ಕಂದಿನಲ್ಲಿ ಚಂದಾ ಎತ್ತಿದ ಹುಡುಗ ಅನ್ನೋ ಹಳೇ ಲೆಕ್ಕದಲ್ಲಿ ನನಗೆ ಕುರ್ಚಿ ಹಾಕ್ಸೋ ಡ್ಯೂಟಿ ಕೊಟ್ಟಿದ್ರು.

ಮಧ್ಯಾಹ್ನ ಊಟ ಆದ್ಮೇಲೆ ಪಕ್ಕದ ಮನೆಗೆ ಎಕ್ಸ್‌ಟೆನ್ಶನ್ ಬೋರ್ಡ್ ಕೇಳೋಕೆ ಹೋದೆ. ಅವರು ತಮಿಳರು, ನಮ್ಮೂರಲ್ಲಿ ಅದೇನು ವಿಶೇಷ ಅಲ್ಲ, ಫ್ಯಾಕ್ಟರಿ ಕೆಲಸಕ್ಕೆ ಅಂತ ಬಂದು ಎರಡು ಮೂರು ತಲೆಮಾರಿಂದ ಇಲ್ಲೇ ಇರೋ ತಮಿಳು ಮನೆಗಳು ಬೀದಿ ಬೀದೀಲಿ ಇವೆ. ಆಂಟಿ ಟಿವಿ ಮುಂದೆ ನೆಲದ ಮೇಲೆ ಕೂತಿದ್ರು, ಮುಂದೆ ಮೊರದಲ್ಲಿ ಅರ್ಧ ಬಿಡಿಸಿದ ಅವರೆಕಾಯಿ. ತಮಿಳು ಚಾನೆಲ್ಲಲ್ಲಿ ಯಾರೋ ಹೆಂಗಸಿನ ಫೋಟೋ, ಕೆಳಗೆ ಅಕ್ಷರ ಓಡ್ತಾ ಇತ್ತು. ನನಗೆ ತಮಿಳು ಅರ್ಥ ಆಗತ್ತೆ, ಓದೋಕೆ ಬರಲ್ಲ. "ಯಾರು ಆಂಟಿ" ಅಂದೆ. "ಸ್ವರ್ಣಲತಾ ಹೋಗ್ಬಿಟ್ಳು ಕಣೋ, ಮೂವತ್ತೇಳು ವರ್ಷ ಅಂತೆ" ಅಂದ್ರು.

ನಿಜ ಹೇಳ್ಬೇಕು ಅಂದ್ರೆ ನನಗೆ ತಕ್ಷಣ ಯಾರು ಅಂತ ಹೊಳೀಲಿಲ್ಲ. ಆಂಟಿ ಆಕೆ ಹಾಡಿರೋ ಒಂದೊಂದೇ ಹಾಡಿನ ಹೆಸರು ಹೇಳ್ತಾ ಹೋದ್ರು. ಮುಕ್ಕಾಲಾ ಮುಕಾಬುಲಾ, ಮನೋ ಜೊತೆ. ಹಿಂದಿಯ ರಂಗೀಲಾದಲ್ಲಿ ಹರಿಹರನ್ ಜೊತೆ ಹಾಡಿದ್ದು. ದಳಪತಿಯ ರಾಕ್ಕಮ್ಮ, ಎಸ್‌ಪಿಬಿ ಜೊತೆ. ಪ್ರತಿಯೊಂದಕ್ಕೂ ನಾನು "ಅದೂ ಇವರೇನಾ?" ಅಂತಾನೇ ಇದ್ದೆ. ಇಪ್ಪತ್ತು ವರ್ಷ ಕೇಳಿದ ದನಿ, ಪ್ರಭುದೇವ ಮೂಳೆ ಇಲ್ಲದೋರ ಥರ ಕುಣಿದಿದ್ದು ನೆನಪಿದೆ, ರೆಹಮಾನ್ ಹೆಸರು ಗೊತ್ತಿದೆ, ಹಾಡಿದ ಹೆಂಗಸು ಯಾರು ಅಂತ ಒಂದು ಸಲನಾದ್ರೂ ಕ್ಯಾಸೆಟ್ ಕವರ್ ತಿರುಗಿಸಿ ನೋಡಿರ್ಲಿಲ್ಲ.

ಆಮೇಲೆ ಆಂಟಿ ಹೇಳಿದ್ದು ಕೇಳಿ ಅಲ್ಲೇ ಸೋಫಾ ಮೇಲೆ ಕೂತ್ಬಿಟ್ಟೆ. "ಇಲ್ಲೇ ಓದಿದ್ದು ಕಣೋ ಆ ಹುಡುಗಿ, ನಮ್ಮ ಭದ್ರಾವತೀಲೇ." ಊರಿನ ಹೆಮ್ಮೆಗೆ ಹೇಳ್ತಿದಾರೆ ಅಂದ್ಕೊಂಡೆ, ಆದ್ರೆ ನಿಜ. ಹುಟ್ಟಿದ್ದು 1973ರಲ್ಲಿ, ಕೇರಳದ ಪಾಲಕ್ಕಾಡ್ ಕಡೆ, ತಂದೆ ಹಾರ್ಮೋನಿಯಂ ನುಡಿಸ್ತಿದ್ದವರು. ಆಮೇಲೆ ಮನೆಯವರೆಲ್ಲ ಭದ್ರಾವತಿಗೆ ಬಂದ್ರು, ಓದು ಇಲ್ಲಿ. ಇಲ್ಲಿಂದ ಮದ್ರಾಸಿಗೆ ಹೋಗಿ 1987ರಲ್ಲಿ ಎಂ.ಎಸ್. ವಿಶ್ವನಾಥನ್ ಸಂಗೀತದಲ್ಲಿ ಮೊದಲ ಸಿನಿಮಾ ಹಾಡು, ಅದೂ ಯೇಸುದಾಸ್ ಜೊತೆ. ಆಗ ಹದಿನಾಲ್ಕು ವರ್ಷ. ಅಂದ್ರೆ ನಾನು ಸ್ಕೂಲಿಗೆ ಹೋಗ್ತಿದ್ದ ರೋಡಲ್ಲೇ ಓಡಾಡಿದ್ದ ಹುಡುಗಿ. ನಾವಿಲ್ಲಿ ಫ್ಯಾಕ್ಟರಿ ಸೈರನ್‌ಗೆ ಗಡಿಯಾರ ಸರಿ ಮಾಡ್ಕೊಂಡು ಕೂತಿದ್ವಿ.

"ಶ್ವಾಸಕೋಶದ ಕಾಯಿಲೆ ಅಂತೆ, ಹಾಡೋಳಿಗೆ ಉಸಿರೇ ಕೈ ಕೊಡ್ತು" ಅಂತ ಹೇಳಿ ಆಂಟಿ ಮತ್ತೆ ಅವರೆಕಾಯಿ ಬಿಡಿಸೋಕೆ ಶುರು ಮಾಡಿದ್ರು. ಟಿವೀಲಿ ಕ್ಷತ್ರಿಯನ್ ಸಿನಿಮಾದ ಮಾಲೈಯಿಲ್ ಯಾರೋ ಹಾಕಿದ್ರು. ಇಳಯರಾಜಾ ಸಂಗೀತ, 1990ರದ್ದು, ಹಾಡಿದಾಗ ಆಕೆಗೆ ಹದಿನೇಳು. ಅದನ್ನ ನಾನು ಸರಿಯಾಗಿ ಕೇಳಿದ್ದು ಅವತ್ತೇ ಮೊದಲು. ಹಾಡ್ತಿದಾರೆ ಅಂತಾನೇ ಅನ್ಸಲ್ಲ, ಸಂಜೆ ಹೊತ್ತು ಬಾಗಿಲ ಹತ್ರ ನಿಂತು ಯಾರೋ ತಮ್ಮಷ್ಟಕ್ಕೆ ತಾವು ಏನೋ ಅಂದ್ಕೊಳ್ತಿರೋ ಹಾಗೆ, ಎಲ್ಲೂ ದನಿ ಏರಿಸಿ "ನೋಡಿ ನನ್ನ ಗಂಟಲು" ಅಂತ ತೋರಿಸೋದೇ ಇಲ್ಲ. ಅದೇ ಗಂಟಲು ಮುಕಾಬುಲಾದಲ್ಲಿ ಏನು ಕೊಬ್ಬು! ಅದೇ ಗಂಟಲು ಕರುತ್ತಮ್ಮದಲ್ಲಿ ಪೋರಾಳೆ ಪೊನ್ನುತ್ತಾಯಿ ಹಾಡಿ ನ್ಯಾಷನಲ್ ಅವಾರ್ಡ್ ತಗೊಂಡಿದ್ದು. ಆ ಹಾಡು ಸಿನಿಮಾದಲ್ಲಿ ಎರಡು ಥರ ಇದೆ, ಉನ್ನಿ ಮೆನನ್ ಮತ್ತೆ ಸುಜಾತಾ ಹಾಡಿರೋ ಖುಷಿಯದ್ದು ಒಂದು, ಇವರು ಒಬ್ಬರೇ ಹಾಡಿರೋ ದುಃಖದ್ದು ಇನ್ನೊಂದು. ಒಂದೇ ಟ್ಯೂನು, ಆದ್ರೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿದ್ರೆ ಗಾಯಕಿ ಅಂದ್ರೆ ಏನು ಅಂತ ಯಾರೂ ಬಿಡಿಸಿ ಹೇಳೋದೇ ಬೇಡ.

ಸಂಜೆ ಏಳಕ್ಕೆ ಆರ್ಕೆಸ್ಟ್ರಾ ಶುರುವಾಯ್ತು. ಶಿವಮೊಗ್ಗದ ಟೀಮು, ಒಂದು ಕೀಬೋರ್ಡ್, ಒಂದು ರಿದಮ್ ಪ್ಯಾಡ್, ತಬಲಾ, ಎಕೋ ಜಾಸ್ತಿ ಇಟ್ಟಿರೋ ಮೈಕು. ಗಜಮುಖನೆ ಆಯ್ತು, ಅಣ್ಣಾವ್ರ ಹಾಡು ಮೂರಾಯ್ತು, ಆಮೇಲೆ ಚೀಟಿ ಹಾಡು. ನಮ್ಮ ಕಡೆ ಚೀಟಿ ಅಂದ್ರೆ ಬೇಕಾದ ಹಾಡು ಪೇಪರಲ್ಲಿ ಬರೆದು ಹತ್ತೋ ಇಪ್ಪತ್ತೋ ರೂಪಾಯಿ ಸುತ್ತಿ ಸ್ಟೇಜ್ ಮೇಲೆ ಕೊಡೋದು, ಅವರು "ಇಂಥೋರ ಅಭಿಮಾನದ ಕೋರಿಕೆ" ಅಂತ ಅನೌನ್ಸ್ ಮಾಡೋದು. ನಾನೂ ಮಾಲೈಯಿಲ್ ಯಾರೋ ಅಂತ ಬರೆದು ಇಪ್ಪತ್ತು ರೂಪಾಯಿ ಇಟ್ಟು ಕೊಟ್ಟೆ, ಜೊತೆಗೆ ಗಾಯಕಿ ಇವತ್ತು ತೀರ್ಕೊಂಡಿದಾರೆ, ಇದೇ ಊರಲ್ಲಿ ಓದಿದೋರು, ಒಂದು ಮಾತು ಹೇಳಿ ಅಂದೆ. ಅನೌನ್ಸರ್ ಮೈಕ್ ಕೈಯಲ್ಲಿ ಮುಚ್ಕೊಂಡು ಬಗ್ಗಿದ. "ಗಣಪತಿ ಮುಂದೆ ಸಾವಿನ ಸುದ್ದಿ ಬೇಡ ಸಾರ್. ಅದೂ ಅಲ್ದೆ ಅದು ಸ್ಲೋ ಸಾಂಗು, ಹುಡುಗ್ರು ಎದ್ದು ಹೋಗ್ತಾರೆ." ಅವನು ಹೇಳಿದ್ದೂ ಸರಿನೇ ಅನ್ನಿ.

ಇನ್ನೊಂದು ಅರ್ಧ ಗಂಟೆಗೆ ಬೇರೆ ಯಾರದೋ ಚೀಟಿಗೆ ರಾಕ್ಕಮ್ಮ ಬಂತು. 2002ರಲ್ಲಿ ಬಿಬಿಸಿ ಮಾಡಿದ ಪೋಲ್‌ನಲ್ಲಿ ಪ್ರಪಂಚದ ಹಾಡುಗಳಲ್ಲೇ ನಾಲ್ಕನೇ ಸ್ಥಾನ ಬಂದಿದ್ದ ಹಾಡು ಅದು, ನಮ್ಮ ಬೀದೀಲಿ ಮಾತ್ರ ಅದಕ್ಕೂ ಮೊದಲಿಂದ ಒಂದನೇ ಸ್ಥಾನ. ಹುಡುಗರು ಶರ್ಟು ಬಿಚ್ಚಿ ತಲೆ ಮೇಲೆ ತಿರುಗಿಸ್ತಾ ಕುಣಿದ್ರು. ಕಾಂಪೌಂಡ್ ಆಚೆ ಆಂಟಿ ಸೆರಗು ಹೊದ್ಕೊಂಡು ನಿಂತಿದ್ರು. ಆ ಹಾಡಿನ ಮಧ್ಯೆ ಗದ್ದಲ ಎಲ್ಲ ನಿಂತು ತೇವಾರದ, ಅಂದ್ರೆ ತಮಿಳಿನ ಹಳೇ ಭಕ್ತಿಗೀತೆಗಳ, ಒಂದು ಪದ್ಯ ಬರತ್ತೆ, ಶಿವನ ಮೇಲಿಂದು, ನಮ್ಮ ಆರ್ಕೆಸ್ಟ್ರಾಗಳೆಲ್ಲ ಅದನ್ನ ಹಾರಿಸಿಬಿಡ್ತಾರೆ, ಅವತ್ತೂ ಹಾರಿಸಿದ್ರು. ಆಂಟಿ ತುಟಿ ಆ ಜಾಗದಲ್ಲಿ ಅಲ್ಲಾಡ್ತಾ ಇತ್ತು, ಅಷ್ಟರಲ್ಲಿ ಪ್ಯಾಡ್‌ನವನು ಮುಂದಕ್ಕೆ ಹೋಗಿಬಿಟ್ಟಿದ್ದ.

ಅದರ ಹಿಂದಿನ ವರ್ಷ ಜನವರೀಲಿ ಮೈಸೂರು ಅನಂತಸ್ವಾಮಿಯವರ ಮಗ ರಾಜು ಅನಂತಸ್ವಾಮಿ ಹೋಗಿದ್ರು, ಅವರಿಗೂ ನಲವತ್ತು ಆಗಿರ್ಲಿಲ್ಲ. ರತ್ನನ ಪದಗಳನ್ನ ಕುಡುಕನ ಗತ್ತಲ್ಲಿ ಹಾಡ್ತಾ ಜನರ ಕಣ್ಣೆದುರಿಗೇ ಇದ್ದೋರು, ಹಾಗಾಗಿ ಹೋದಾಗ ಜನಕ್ಕೆ ಹೋದ್ರು ಅಂತ ಗೊತ್ತಾಯ್ತು. 2011 ಜುಲೈನಲ್ಲಿ ಲಂಡನ್ನಿನ ಏಮಿ ವೈನ್‌ಹೌಸ್ ಇಪ್ಪತ್ತೇಳಕ್ಕೆ ತೀರ್ಕೊಂಡಾಗ ನಮ್ಮ ಆಫೀಸಲ್ಲಿ ಅರ್ಧ ಜನ ಫೇಸ್‌ಬುಕ್ಕಲ್ಲಿ ಆಕೆ ಫೋಟೋ ಹಾಕಿದ್ರು, ಇದ್ದಾಗ ಬಂದಿದ್ದು ಎರಡೇ ಆಲ್ಬಮ್, ಆದ್ರೆ ಆ ಕಣ್ಣುಕಪ್ಪು, ಆ ಕೂದಲು ಎಲ್ಲರಿಗೂ ಪರಿಚಯ. ತಪ್ಪು ಅಂತಿಲ್ಲ, ನಾನೂ ಹಾಕಿದ್ದೆ. ಸ್ವರ್ಣಲತಾಗೆ ಮಾತ್ರ ಒಂದು ಲೈನೂ ಬರೆದಿರ್ಲಿಲ್ಲ. ಪ್ಲೇಬ್ಯಾಕ್ ಹಾಡೋರ ಗತಿನೇ ಇದು, ಹಾಡು ಹೀರೋಯಿನ್ ಮುಖಕ್ಕೆ ಅಂಟ್ಕೊಂಡಿರತ್ತೆ, ಹಾಡಿದೋರು ಹೋದ ಮಾರನೇ ದಿನಾನೂ ಬಸ್ಸಲ್ಲಿ ಅದೇ ಹಾಡು ಬರ್ತಿರತ್ತೆ, ಏನು ಕಮ್ಮಿ ಆಯ್ತು ಅಂತ ಯಾರಿಗೆ ಗೊತ್ತಾಗಬೇಕು.

ಹತ್ತು ಗಂಟೆಗೆ ಪೊಲೀಸ್ ಜೀಪ್ ಬಂದು ಮೈಕ್ ಆಫ್ ಮಾಡ್ಸಿತು. ಆರ್ಕೆಸ್ಟ್ರಾದವರಿಗೆ ಚಿತ್ರಾನ್ನ ಕೊಡ್ತಾ ಇದ್ದೆ. ಅನೌನ್ಸರ್ ನನ್ನ ಚೀಟಿ, ಇಪ್ಪತ್ತು ರೂಪಾಯಿ ಎರಡನ್ನೂ ವಾಪಸ್ ಕೊಟ್ಟ, ಹಾಡದೇ ಇರೋದಕ್ಕೆ ದುಡ್ಡು ಇಟ್ಕೊಳ್ಳಲ್ಲ ಅಂತ. ರಾಕ್ಕಮ್ಮ ಹಾಡಿದ್ದ ಹುಡುಗಿ, ಇಪ್ಪತ್ತು ಇಪ್ಪತ್ತೊಂದು ವರ್ಷ ಇರ್ಬೇಕು, ಚೀಟಿ ಇಣುಕಿ ನೋಡಿದ್ಲು.

"ಇದು ನಂಗೆ ಬರತ್ತೆ ಅಣ್ಣ. ಚಿತ್ರಮ್ಮ ಹಾಡಿರೋದಲ್ವಾ?"

"ಅಲ್ಲಮ್ಮ, ಸ್ವರ್ಣಲತಾ ಅಂತ. ನೀನು ಈಗ ಹಾಡಿದ್ಯಲ್ಲ ರಾಕ್ಕಮ್ಮ, ಅದೂ ಅವರದ್ದೇ."

"ಹೌದಾ?" ಅಂದ್ಲು. ಪ್ಲೇಟು ಮೊಣಕಾಲ ಮೇಲೆ ಇಟ್ಕೊಂಡು, ಬ್ಯಾಗಿಂದ ಹಾಡಿನ ಡೈರಿ ತೆಗೆದು, ಆ ಹಾಡಿನ ಪುಟ ಹುಡುಕಿ ಮೂಲೇಲಿ ಹೆಸರು ಬರ್ಕೊಂಡ್ಲು. ಲ ಬರಿಬೇಕೋ ಳ ಬರಿಬೇಕೋ ಅಂತ ಕೇಳಿದ್ಲು.